ಇಂಜೆಕ್ಷನ್ ಯಾರಿಗೆ

ಹೊಸಪೇಟೆಯ ನಮ್ಮ ನೋವಿನ ವಿಭಾಗಕ್ಕೆ ತರಬೇತಿಗೆ ಬರುವ ರೆಸಿಡೆಂಟ್ ಡಾಕ್ಟರುಗಳಿಗೆ ನಾನು ಮೊದಲ ದಿನ ಹೇಳುವುದು ಒಂದೇ ಮಾತು: ನೋವು ಯಾರದೋ ಅವರ ಬಾಯಿಂದಲೇ ಕೇಳಿ. ನಮ್ಮ ಕಡೆ ಒಬ್ಬರಿಗೆ ಮೊಣಕಾಲು ನೋವೆಂದರೆ ಆಟೋ ತುಂಬ ಜನ ಬರುತ್ತಾರೆ. ನೋವಿದ್ದವರು ಬಾಯಿ ತೆರೆಯುವಷ್ಟರಲ್ಲಿ ಉಳಿದವರೆಲ್ಲ ಉತ್ತರ ಕೊಟ್ಟು ಮುಗಿಸಿರುತ್ತಾರೆ. ನನಗೆ ಮೈಯೆಲ್ಲ ಉರಿದುಹೋಗುತ್ತದೆ.

ಆ ದಿನ ಮೆಟ್ರಿಯ ಅಕ್ಕಿ ಮಿಲ್ಲಿನ ಯಜಮಾನರೊಬ್ಬರು ಹೆಂಡತಿಯ ಸೊಂಟನೋವಿಗೆಂದು ಎರಡನೆಯ ಸಲ ಬಂದಿದ್ದರು. ಮೊದಲ ಸಲ ತೋಳಿಗೊಂದು ಇಂಜೆಕ್ಷನ್ ಚುಚ್ಚಿ ಮಾತ್ರೆ ಕೊಟ್ಟು, ಅದಕ್ಕೂ ಬಗ್ಗದಿದ್ದರೆ ಸೊಂಟಕ್ಕೇ ಇಂಜೆಕ್ಷನ್ ಕೊಡುವುದೆಂದು ನಾನೇ ಬರೆದಿದ್ದೆ. ಕೋಣೆಯೊಳಗೆ ಹೋಗಿ ನೋಡಿದರೆ ಯಜಮಾನರು ಮಂಚದ ಮೇಲೆ ಅಂಗಾತ ಮಲಗಿದ್ದಾರೆ, ಅವರ ಬಲಗಾಲು ನಮ್ಮ ರೆಸಿಡೆಂಟ್ ಹುಡುಗಿಯ ಕೈಯಲ್ಲಿದೆ. ಹೆಂಡತಿ ಬೆಂಚಿನ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ.

"ಪೇಷಂಟ್ ಯಾರಮ್ಮಾ?" ಎಂದೆ.

"ಇವರೇ ಅಲ್ವಾ ಸರ್? ನೋವೆಲ್ಲ ಇವರೇ ಹೇಳಿದ್ರು. ಕಾಲೆತ್ತಿದರೆ ಕೂಗ್ತಾರೆ," ಎಂದಳು ಹುಡುಗಿ.

"ನೋವು ಹೆಂಗ ಆಕೈತಿ ಅಂತ ತೋರ್ಸಾಕ ಮಲಗಿದ್ನಿರಿ. ಸೊಂಟ ಆಕಿದು," ಎಂದರು ಯಜಮಾನರು ಗಂಭೀರವಾಗಿ.

ಚೀಟಿಯಲ್ಲಿ ಹೆಸರನ್ನಾದರೂ ನೋಡಬಾರದೇ ಎಂದು ಹುಡುಗಿಯ ನೀರಿಳಿಸಿದೆ. ಯಜಮಾನರಿಗೆ ಮಂಚ ಇಳಿಯಲು ತುಸು ಹೆಚ್ಚೇ ಹೊತ್ತು ಹಿಡಿಯಿತು, ವಯಸ್ಸು ಅಂದುಕೊಂಡೆ. ಅವರನ್ನು ಹೊರಗೆ ಕಳಿಸಿ, ಹೆಂಡತಿಯನ್ನು ಮಂಚದ ಮೇಲೆ ಬೋರಲು ಮಲಗಿಸಿದೆವು.

ಹುಡುಗಿ ಸಪ್ಪೆ ಮುಖ ಮಾಡಿಕೊಂಡು ಸಿರಿಂಜಿಗೆ ಔಷಧ ಎಳೆದಳು. ಆದರೆ ಚುಚ್ಚುವ ಮೊದಲು ಬಗ್ಗಿ, "ಅಮ್ಮಾ, ನೀವೇ ಹೇಳಿ. ಎಲ್ಲಿ ನೋವು?" ಎಂದು ಕೇಳಿದಳು. ಆಕೆ ಸೂಜಿ ನೋಡಿದರು, ಬಾಗಿಲ ಕಡೆ ನೋಡಿದರು, ದನಿ ತಗ್ಗಿಸಿದರು.

"ನನಗ ಎಲ್ಲೂ ಇಲ್ರಿ, ಡಾಕ್ಟ್ರವ್ವಾ. ಸೊಂಟ ಅವರದು. ಮಿಲ್ಲಿನ್ಯಾಗ ಹಮಾಲ್ರ ಮುಂದ ಚೀಲ ಎತ್ತಿ ತೋರ್ಸಾಕ ಹೋಗಿ ಹಿಡ್ಕೊಂಡೈತಿ. ಮಂದಿ ನಗ್ತಾರಂತ ನಂದು ಅಂತ ಹೇಳ್ಕೊಂಡು ಅಡ್ಡಾಡಾಕತ್ತಾರ. ಮಾತ್ರಿ ಅವರು ನುಂಗ್ಯಾರ, ಇಂಜೆಕ್ಷನ್ ನನಗ ಬಿದ್ದೈತಿ. ಹೋದ ಸಲ ಈ ಸಾಹೇಬ್ರು ನನ್ನ ಏನೂ ಕೇಳಲಿಲ್ರಿ, ಚುಚ್ಚೇಬಿಟ್ರು."

"ಮತ್ತೆ ಇವತ್ತು ಯಾಕಮ್ಮಾ ಮಲಗಿದ್ರಿ?"

"ಅವರಿಗೆ ಮಾತು ಕೊಟ್ಟೀನ್ರಿ. ಆದ್ರ ಸೂಜಿ ಇಷ್ಟು ಉದ್ದ ಐತಂತ ಅವರು ಹೇಳಿದ್ದಿಲ್ಲ."

ಹುಡುಗಿ ಸಿರಿಂಜು ಹಿಡಿದುಕೊಂಡೇ ನನ್ನತ್ತ ತಿರುಗಿದಳು. ಕಾಲೆತ್ತಿದಾಗ ಕೂಗಿದವರು ಯಾರೆಂದು ನೆನಪಿಸುವ ಅಗತ್ಯ ಇರಲಿಲ್ಲ. ನನಗೆ ಆಗ ತಲೆಯ ಮೇಲಿನ ಫ್ಯಾನಿನಲ್ಲಿ ನೋಡುವುದು ಬಹಳ ಇತ್ತು.

ಹೊರಗಿನಿಂದ ಯಜಮಾನರ ದನಿ ಬಂತು. "ಆತೇನ್ರಿ? ಆಕಿಗೆ ಭಾಳ ನೋವಾತೇನು?"

ಆಕೆ ಮಂಚದಿಂದ ಚಂಗನೆ ಇಳಿದು, ಮುದುರಿದ್ದ ಹಾಸಿಗೆ ಬಟ್ಟೆಯನ್ನು ಎರಡೂ ಕೈಯಿಂದ ಸರಿಪಡಿಸಿದರು.

"ಏನೂ ನೋವಾಗಿಲ್ಲ, ಒಳಗ ಬರ್ರಿ," ಎಂದರು. "ಡಾಕ್ಟ್ರವ್ವ ನಿಮಗ ಕಾಯಾಕತ್ತಾರ."