ಕಾಲೇಜಿಗೊಂದು ಹೇಳಿಕೆ

ಮಂಡಲದ ಅಕ್ಕನ ಮುಂಗೈಯಲ್ಲಿ ಸದಾ ಒಂದೆರಡು ಮೀನಿನ ಹುರುಪೆ ಅಂಟಿರುತ್ತಿತ್ತು. ಬೆಳಗಿನ ವ್ಯಾಪಾರ ಮುಗಿಸಿ, ಸೋಪು ಹಾಕಿ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಕೋಡಿಯ ಮಹಿಳಾ ಮಂಡಲದಲ್ಲಿ ಪ್ರಾರ್ಥನೆಗೆ ಕೈ ಮುಗಿದು ನಿಂತರೆ ಅವು ಮಿನುಗುತ್ತಿದ್ದವು. ನಮಗೆ ನಗು. ಅಧ್ಯಕ್ಷೆಯಾದ ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಅವರು ಓದಿದ್ದು ನಾಲ್ಕನೇ ಕ್ಲಾಸು. ಮಂಡಲದಲ್ಲಿ ಹೊಲಿಗೆ, ಭಜನೆ ಎಲ್ಲ ಇದ್ದರೂ ಅಕ್ಕನಿಗಿದ್ದ ಹುಚ್ಚು ಒಂದೇ: ಹತ್ತನೇ ಕ್ಲಾಸು ಪಾಸಾದ ಹುಡುಗಿಯರು ಮನೆಯಲ್ಲಿ ಕೂರಬಾರದು. ಮೊದಮೊದಲು ಭಾಷಣ ಮಾಡಿಸಿ ನೋಡಿದರಂತೆ. ತಾಯಂದಿರು ಚಾ ಕುಡಿದು ಎದ್ದು ಹೋದರು.

"ಭಾಷಣಕ್ಕೆ ಯಾರ್ ಬತ್ರ್? ಹೇಳ್ಕಿ ಕೊಟ್ರೆ ಬರ್ದೆ ಇಪ್ಪುಕಾತ್ತಾ?" ಎಂದವರೇ, ಮದುವೆಗೆ ಕರೆಯುವ ಹಾಗೆ ಮನೆಮನೆಗೆ ಹೋಗಿ ಕಾಲೇಜಿಗೆ ಹೇಳಿಕೆ ಕೊಡಲು ಶುರು ಮಾಡಿದರು. ತಟ್ಟೆಯಲ್ಲಿ ಕುಂಕುಮ, ಹೂವು, ವೀಳ್ಯ. "ಸೋಮವಾರ ಹತ್ತ್ ಗಂಟಿಗೆ ಹೆಣ್ಣನ್ ಕಾಲೇಜಿಗ್ ಸೇರ್ಸುದ್. ಮನಿಯರೆಲ್ಲ ಬರ್ಕ್." ಕುಂಕುಮ ಹಚ್ಚಿಕೊಂಡ ಮೇಲೆ ಹೋಗದಿದ್ದರೆ ನಮ್ಮಲ್ಲಿ ಮರ್ಯಾದೆಯಲ್ಲ. ತಟ್ಟೆ ಕಂಡು ಹಿತ್ತಲ ಬಾಗಿಲಿನಿಂದ ಜಾರಿಕೊಳ್ಳಲು ನೋಡಿದ ತಾಯಂದಿರೂ ಇದ್ದರು. ಅಂಥವರ ಮನೆಗೆ ಅಕ್ಕ ಹಿತ್ತಲಿನಿಂದಲೇ ಬರುತ್ತಿದ್ದರು.

ಅವರು ಎಡವಿದ್ದು ನಾನು ಹತ್ತನೇ ಕ್ಲಾಸು ಪಾಸಾದ ವರ್ಷ, ನಮ್ಮ ಮನೆಯಲ್ಲಿ. ಅಮ್ಮನಿಗೆ ಕುಂಕುಮ ಕೊಟ್ಟು ಕರೆದರು. ಜಗಲಿಯಲ್ಲಿ ಕೂತಿದ್ದ ಅಜ್ಜಿ ವಿಧವೆ. ಅವಳ ಮುಂದೆ ತಟ್ಟೆ ಹಿಡಿಯದೆ ದಾಟಿ ಹೋದರು. ಊರಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದ್ದು. ಆದರೆ ನಮ್ಮ ಮನೆಯಲ್ಲಿ ಅಜ್ಜಿಯ ಮಾತೇ ಮಾತು.

"ನಂಗ್ ಹೇಳ್ಕಿ ಇಲ್ಲದ್ ಕಾರ್ಯಕ್ಕೆ ನಮ್ಮನಿ ಹೆಣ್ಣ್ ಹೋಪುದ್ ಬ್ಯಾಡ," ಎಂದುಬಿಟ್ಟಳು.

ಸೋಮವಾರವೇ ಸೇರಲು ಕೊನೆಯ ದಿನ. ಅಮ್ಮ ಆಗಲೇ ನನ್ನನ್ನು ಮೀನು ಕೊಯ್ಯುವ ಶೆಡ್ಡಿಗೆ ಕಳಿಸುವ ಮಾತೆತ್ತಿದ್ದಳು. ನಾನು ಅಂಕಪಟ್ಟಿ ಹಿಡಿದುಕೊಂಡು ಅತ್ತೆ.

ಸುದ್ದಿ ಅಕ್ಕನ ಕಿವಿಗೆ ಬಿತ್ತು. ಸೋಮವಾರ ಬೆಳಿಗ್ಗೆ ವ್ಯಾಪಾರ ಬಿಟ್ಟು ಬಂದವರೇ ತಟ್ಟೆಯನ್ನು ಅಜ್ಜಿಯ ಮುಂದಿಟ್ಟು ಕಾಲು ಮುಟ್ಟಿದರು.

"ತಪ್ಪಾಯ್ತ್ ಅಮ್ಮ. ಊರಿಗೆಲ್ಲ ಬುದ್ಧಿ ಹೇಳು ನಂಗೇ ಬುದ್ಧಿ ಇಲ್ದೆ ಹೋಯ್ತ್."

ಅಜ್ಜಿ ತಟ್ಟೆಯನ್ನೇ ನೋಡಿದಳು. "ಇದ್ ನಂಗಾ?"

"ನಿಮ್ಗೇ. ಕುಂಕುಮ ಹಚ್ಕಣಿ, ಬಿಡಿ, ನಿಮ್ಮಿಷ್ಟ. ಹೇಳ್ಕಿ ಮಾತ್ರ ನಿಮ್ಗೇ ಮೊದ್ಲ್."

ಅಜ್ಜಿ ಕುಂಕುಮ ಮುಟ್ಟಲಿಲ್ಲ. ತುಂಡು ಹೂವು ತೆಗೆದು, ಮೂಸಿ, ತುರುಬಿಗೆ ಸಿಕ್ಕಿಸಿಕೊಂಡಳು. ಅವಳು ಹೂ ಮುಡಿದದ್ದನ್ನು ನಾನು ಕಂಡಿದ್ದು ಅದೇ ಮೊದಲು. "ಹೊರಡ್ ಹೆಣ್ಣೇ, ಹೊತ್ತಾಯ್ತ್," ಎಂದು ತಡ ಮಾಡಿದವಳು ನಾನೇ ಎಂಬಂತೆ ಗದರಿದಳು. ಕಾಲೇಜಿನ ಅರ್ಜಿಯಲ್ಲಿ ಪೋಷಕರ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ್ದೂ ಅವಳೇ.

ಅಲ್ಲಿಂದ ಮುಂದೆ ವಿಧವೆಯಿದ್ದ ಯಾವ ಮನೆಗೆ ಹೋದರೂ ಅಕ್ಕನ ಮೊದಲ ಹೇಳಿಕೆ ಅವಳಿಗೇ. ಕೆಲವರು ಮುಖ ತಿರುಗಿಸಿದರು. "ಮುಖ ತಿರ್ಗ್ಸ್ರೆ ಆಚಿ ಬದಿಗ್ ಹೋಯ್ ನಿಂತ್ ಹೇಳ್ತೆ," ಎನ್ನುತ್ತಿದ್ದರು. ತಮ್ಮ ಗಂಡ ತೀರಿಕೊಂಡ ವರ್ಷವೂ ತಟ್ಟೆ ಹಿಡಿದೇ ಹೊರಟರು. ಯಾರೂ ಬೇಡ ಎನ್ನಲಿಲ್ಲ. ಅಂದಿದ್ದರೂ ಕೇಳುವ ಜನ ಅವರಲ್ಲ.

ಈಗ ನಾನು ಕುಂದಾಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಕಳೆದ ಮಳೆಗಾಲದಲ್ಲಿ ಅಕ್ಕ ಹೋದ ಸುದ್ದಿ ಬಂದಾಗ ತರಗತಿಯಲ್ಲಿದ್ದೆ. ಕಣ್ಣು ತುಂಬಿತು. ಅವರಿಲ್ಲದಿದ್ದರೆ ಆ ಕೋಣೆಯ ಬಾಗಿಲನ್ನೂ ನಾನು ಕಾಣುತ್ತಿರಲಿಲ್ಲ. ಎದುರಿಗೆ ಕೋಡಿಯ ಹುಡುಗಿಯರೇ ಮೂವರು ಪುಸ್ತಕ ತೆರೆದು ಕೂತಿದ್ದರು. ಪಾಠ ಮುಗಿಸಿಯೇ ಹೊರಟೆ. ಅರ್ಧಕ್ಕೆ ಬಿಟ್ಟು ಹೋಗಿದ್ದರೆ ಅಕ್ಕ ಮಲಗಿದ್ದಲ್ಲಿಂದ ಎದ್ದು ಬೈಯುತ್ತಿದ್ದರು.