ಅತ್ತೆಯ ಹೆಸರಿನ ಗ್ಯಾಸು

ಬಡ್ತಿಯ ಆದೇಶ ಬಂದಾಗ ನಾನು ಮುಳಬಾಗಿಲಿನ ಆಸ್ಪತ್ರೆಯಲ್ಲಿ ಹೆರಿಗೆ ವಾರ್ಡಿನ ಡ್ಯೂಟಿಯಲ್ಲಿದ್ದೆ. ಹುಬ್ಬಳ್ಳಿಗೆ ಹಾಕಿದ್ದರು. ಜೊತೆಯ ನರ್ಸುಗಳು, "ಅಯ್ಯೋ, ಅಷ್ಟು ದೂರನಾ?" ಅಂತ ಮುಖ ಸಣ್ಣ ಮಾಡಿದರು. ನನಗೆ ಮಾತ್ರ ಖುಷಿಯೇ ಆಗಿತ್ತು. ಒಂದೇ ಹೊತ್ತಿಗೆ ನಾಲ್ಕು ಜನ ಬಾಣಂತಿಯರನ್ನೂ ಅವರ ಕಡೆಯವರನ್ನೂ ಸುಧಾರಿಸುವವಳಿಗೆ ಒಂದು ಮನೆ ಎತ್ತಿ ಇನ್ನೊಂದು ಊರಲ್ಲಿಡೋದು ಯಾವ ಮಹಾ ಕೆಲಸ ಅನ್ನಿಸಿತು.

ನನ್ನ ಗಂಡನಿಗೆ ಲಕ್ಕೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ. ವಾರವೆಲ್ಲ ಮಾಲೂರಿನಲ್ಲೇ ರೂಮು ಮಾಡಿಕೊಂಡಿದ್ದು ಭಾನುವಾರ ಮನೆಗೆ ಬರುತ್ತಿದ್ದರು. ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಗೊತ್ತಾಗಿತ್ತು, ಆದರೆ ಇಲ್ಲಿಯದನ್ನು ಬಿಡುವ ಮುಂಚೆ ರಜೆ ಸಿಗುವ ಹಾಗಿರಲಿಲ್ಲ. "ಓಡಾಟ ಎಲ್ಲಾ ನೀನೇ ನೋಡ್ಕೋ. ನನಗಿಂತ ನೀನೇ ಚೆನ್ನಾಗಿ ಮಾಡ್ತೀಯ," ಅಂದುಬಿಟ್ಟರು. ಅದು ನಿಜವೇ ಆಗಿದ್ದರಿಂದ ನಾನೂ ಜಗಳ ತೆಗೆಯಲಿಲ್ಲ.

ಮನೆಯಲ್ಲಿ ಇನ್ನೊಬ್ಬರು ಅಂದರೆ ಅತ್ತೆ. ಕುರುಡುಮಲೆಯ ಪಕ್ಕದ ಹಳ್ಳಿಯಲ್ಲಿ ರೇಷ್ಮೆಹುಳ ಸಾಕಿಕೊಂಡು ಬದುಕಿದವರು. ಮಾವ ತೀರಿಕೊಂಡ ಮೇಲೆ ಹಿಪ್ಪುನೇರಳೆ ತೋಟವನ್ನು ನನ್ನ ಮೈದುನನಿಗೆ ಒಪ್ಪಿಸಿ ನಮ್ಮ ಜೊತೆ ಮುಳಬಾಗಿಲಿಗೆ ಬಂದಿದ್ದರು. ಅರ್ಧ ಕನ್ನಡ, ಅರ್ಧ ತೆಲುಗು ಅವರದು. ಕಚೇರಿಗಳ ಓಡಾಟ ಶುರುವಾದ ದಿನ ನಾನು ಸ್ಕೂಟರ್ ತೆಗೆಯುತ್ತಿದ್ದ ಹಾಗೇ ಒಳಗಿಂದ ಸೆರಗು ಸಿಕ್ಕಿಸಿಕೊಂಡು ಬಂದರು.

"ಅಮ್ಮಾಯಿ, ನಾನೂ ಬರ್ತೀನಿ."

"ಬಿಸಿಲು ಅತ್ತೆ. ಬರೀ ಕ್ಯೂನಲ್ಲಿ ನಿಲ್ಲೋ ಕೆಲಸ."

"ನಿಂತ್ಕೊಳ್ಳೋದು ನನಗೇನು ಹೊಸದಾ? ನಡಿ."

ಬೇಗ ಮುಗಿಸಬೇಕು ಅಂದುಕೊಂಡಿದ್ದೆ. ಅತ್ತೆ ಜೊತೆಗಿದ್ದರೆ ಅದು ಸಾಧ್ಯವಿಲ್ಲ ಅಂತ ಮೊದಲ ಕಚೇರಿಯಲ್ಲೇ ಗೊತ್ತಾಯಿತು. ಕರೆಂಟ್ ಆಫೀಸಿನಲ್ಲಿ ನಾನು ಕೊನೆಯ ಬಿಲ್ಲು ಕಟ್ಟಿ ಬರುವಷ್ಟರಲ್ಲಿ ಅವರು ಬೆಂಚಿನ ಮೇಲಿದ್ದ ಒಬ್ಬ ಹೆಂಗಸಿಗೆ ಸೊಂಟನೋವಿಗೆ ಏನು ಮಾಡಬೇಕು ಅಂತ ಹೇಳುತ್ತಿದ್ದರು. ಬ್ಯಾಂಕಿನಲ್ಲಿ ಕಾವಲಿಗಿದ್ದವನು ಶ್ರೀನಿವಾಸಪುರದ ಕಡೆಯವನು ಅಂತ ತಿಳಿದು, ಅವರೂರಿನ ಮಾವಿನ ಫಸಲು ಹೇಗಿದೆ ಅಂತ ವಿಚಾರಿಸುತ್ತಾ ಬಾಗಿಲಿಗೇ ಅಡ್ಡ ನಿಂತಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು. ಆದರೂ ಅವರ ಪಿಂಚಣಿಯ ವಿಳಾಸ ಬದಲಾಯಿಸುವ ಕೆಲಸದಲ್ಲಿ ಅವರೇ ಎದುರಿಗೆ ಇದ್ದದ್ದರಿಂದ ಎರಡನೇ ಸಲ ಅಲೆಯುವುದು ತಪ್ಪಿತು. ಅದನ್ನೂ ಹೇಳಬೇಕು.

ಮಾರನೆಯ ದಿನ ಗ್ಯಾಸ್ ಆಫೀಸಿಗೆ ಹೋದೆವು. ಸಿಲಿಂಡರ್, ರೆಗ್ಯುಲೇಟರ್ ಎರಡನ್ನೂ ಇಲ್ಲಿ ವಾಪಸು ಕೊಟ್ಟು ಒಂದು ಚೀಟಿ ತಗೊಂಡರೆ, ಹುಬ್ಬಳ್ಳಿಯಲ್ಲಿ ಅದನ್ನು ತೋರಿಸಿ ಕನೆಕ್ಷನ್ ಮುಂದುವರಿಸಬಹುದು. ಆಟೋದಲ್ಲಿ ಸಿಲಿಂಡರನ್ನು ಕಾಲಿನ ಮಧ್ಯೆ ಇಟ್ಟುಕೊಂಡು ಅತ್ತೆ ಬಂದರು, ಹಿಂದೆ ಸ್ಕೂಟರಿನಲ್ಲಿ ನಾನು.

ಕೌಂಟರಿನಲ್ಲಿದ್ದವನು ಒಳ್ಳೆಯ ಹುಡುಗನೇ. ಕಂಪ್ಯೂಟರ್ ನೋಡಿ ನನ್ನ ಕಡೆ ತಿರುಗಿದ.

"ಮೇಡಂ, ಇದು ಅಜ್ಜಿ ಹೆಸರಲ್ಲಿದೆ. ಇಲ್ಲಿಗೆ ಮುಗಿಸಿಬಿಡಿ. ಅಲ್ಲಿ ನಿಮ್ಮ ಹೆಸರಲ್ಲಿ ಹೊಸದು ಮಾಡಿಸ್ಕೊಳ್ಳಿ. ಆಮೇಲೆ ಯಾವ ತಲೆನೋವೂ ಇರಲ್ಲ."

ನನಗೂ ಅದೇ ಸರಿ ಅನ್ನಿಸಿತು. ಬುಕ್ ಮಾಡುವವಳು ನಾನು, ಮೆಸೇಜು ಬರುವುದು ನನ್ನ ಫೋನಿಗೆ. "ಹಾಗೇ ಮಾಡಿ," ಅಂತ ಹೇಳಿ ಕಾಗದವನ್ನು ಅತ್ತೆಯ ಮುಂದೆ ಇಟ್ಟೆ. "ಇಲ್ಲೊಂದು ಸೈನ್ ಹಾಕಿ ಅತ್ತೆ."

ಅತ್ತೆ ಪೆನ್ನು ತಗೊಳ್ಳಲಿಲ್ಲ.

"ಏನಂತಾನೆ ಅವನು?"

ಹೇಳಿದೆ.

"ಅಂದ್ರೆ ನನ್ನ ಹೆಸರು ತೆಗೆದುಬಿಡ್ತಾರಾ?"

"ತೆಗೆಯೋದಲ್ಲ ಅತ್ತೆ. ಅಲ್ಲಿ ನನ್ನ ಹೆಸರಲ್ಲಿ ಇರುತ್ತೆ ಅಷ್ಟೇ. ಅಡುಗೆಮನೆ ಒಂದೇ ತಾನೆ?"

"ಏಂ, ನೇನೇಮನ್ನಾ ಚಚ್ಚಿಪೋಯಾನಾ?"

ಅತ್ತೆಗೆ ಸಿಟ್ಟು ಬಂದಾಗ ಪೂರಾ ತೆಲುಗು. ನಾನೇನು ಸತ್ತೋಗಿದೀನಾ ಅಂತ ಅವರು ಕೇಳಿದ್ದು ಆ ಆಫೀಸಿನಲ್ಲಿದ್ದ ಎಲ್ಲರಿಗೂ ಅರ್ಥವಾಯಿತು. ಹಿಂದೆ ನಿಂತಿದ್ದವರು ಮಾತು ನಿಲ್ಲಿಸಿ ನಮ್ಮ ಕಡೆ ನೋಡಿದರು.

ನಾನು ಅವರನ್ನು ಪಕ್ಕಕ್ಕೆ ಕರೆದು ಕೂರಿಸಿದೆ. ಅಲ್ಲಿ ಅವರು ಹೇಳಿದ್ದು ನನಗೆ ಮದುವೆಯಾಗಿ ಇಷ್ಟು ವರ್ಷವಾದರೂ ಗೊತ್ತಿಲ್ಲದ ಸಂಗತಿ. ಹಳ್ಳಿಯಲ್ಲಿ ಸೌದೆ ಒಲೆಯ ಹೊಗೆಗೆ ಅವರ ಕಣ್ಣು ಯಾವಾಗಲೂ ಕೆಂಪಗಿರುತ್ತಿತ್ತಂತೆ. ಗ್ಯಾಸ್ ಹಾಕಿಸೋಣ ಅಂದರೆ ಮಾವ, ರುಚಿ ಕೆಡುತ್ತೆ ಅಂತ ತಳ್ಳಿಹಾಕುತ್ತಿದ್ದರಂತೆ. ಒಂದು ಸಲ ರೇಷ್ಮೆಗೂಡು ಚೆನ್ನಾಗಿ ಬಂತು. ಮಾರ್ಕೆಟ್ಟಿನಿಂದ ಬಂದ ದುಡ್ಡನ್ನು ಮಾವನ ಕೈಗೆ ಕೊಡದೆ, ಅತ್ತೆ ಒಬ್ಬರೇ ಬಸ್ಸು ಹತ್ತಿ ಇದೇ ಊರಿಗೆ ಬಂದು ಕನೆಕ್ಷನ್ ಬರೆಸಿದರು.

"ಮನೆ ಅವರ ಹೆಸರಲ್ಲಿ, ತೋಟ ಅವರ ಹೆಸರಲ್ಲಿ. ನನ್ನ ಹೆಸರಲ್ಲಿ ಇರೋದು ಇದೊಂದೇ ಅಮ್ಮಾಯಿ. ಹುಬ್ಬಳ್ಳೀನಲ್ಲೂ ನನ್ನ ಹೆಸರಲ್ಲೇ ಇರ್ಲಿ."

ಎದ್ದು ಕೌಂಟರಿಗೆ ಹೋಗಿ, "ಅಜ್ಜಿ ಹೆಸರಲ್ಲೇ ಟ್ರಾನ್ಸ್‌ಫರ್ ಮಾಡಿಕೊಡಿ," ಅಂದೆ.

"ಹಾಗಾದ್ರೆ ಅಜ್ಜಿ ಆಧಾರ್ ಪರಿಶೀಲನೆ ಆಗ್ಬೇಕು ಮೇಡಂ. ಅದಕ್ಕೆ ಬೆರಳಚ್ಚು ಬೇಕು. ಲೇಟಾಗುತ್ತೆ."

"ಆಗ್ಲಿ."

ಬೆರಳಚ್ಚು ಯಂತ್ರ ಅತ್ತೆಯ ಬೆರಳನ್ನು ಒಪ್ಪಲಿಲ್ಲ. ಹೆಬ್ಬೆರಳು, ತೋರುಬೆರಳು, ಎಡಗೈ, ಬಲಗೈ, ಯಾವುದಿಟ್ಟರೂ ಕೆಂಪು ದೀಪ. ಜೀವಮಾನವಿಡೀ ರೇಷ್ಮೆಹುಳಕ್ಕೆ ಸೊಪ್ಪು ಹೆಚ್ಚಿ ಹೆಚ್ಚಿ ಅವರ ಬೆರಳ ತುದಿ ನುಣ್ಣಗಾಗಿಬಿಟ್ಟಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆವು, ಎಣ್ಣೆ ಸವರಿ ನೋಡಿದೆವು. ಕೊನೆಗೆ ಹುಡುಗ ತನ್ನ ಫೋನು ತೆಗೆದು, "ಮುಖ ತೋರಿಸಿದ್ರೂ ಆಗುತ್ತೆ ಅಜ್ಜಿ. ಇದನ್ನ ನೋಡ್ಕೊಂಡು ಕಣ್ಣು ಮಿಟುಕಿಸಿ," ಅಂದ.

"ಲೇ, ಈ ವಯಸ್ಸಲ್ಲಿ ನಿನ್ನ ನೋಡಿ ಕಣ್ಣು ಹೊಡೀಬೇಕೇನೋ?"

ಆಫೀಸಿಗೆ ಆಫೀಸೇ ನಕ್ಕಿತು. ಹುಡುಗ ನಾಚಿ ಕೆಂಪಾದ. ಅತ್ತೆಗೆ ನಗು ತಡೆಯಲಾಗದೆ ಮುಖ ಅಲ್ಲಾಡಿ, ಫೋನು ಮತ್ತೆ ಮತ್ತೆ 'ಪುನಃ ಪ್ರಯತ್ನಿಸಿ' ಅನ್ನುತ್ತಿತ್ತು. ನಾನು ಹಿಂದಿನಿಂದ ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಆಗ ಫೋನಿನಲ್ಲಿ ಹಸಿರು ಗುರುತು ಬಂತು. ಚೀಟಿಗೆ ಸೈನ್ ಹಾಕುವಾಗ ಅತ್ತೆ ಒಂದೊಂದೇ ಅಕ್ಷರವನ್ನು ನಿಧಾನವಾಗಿ ಬರೆದರು. ನಾನು ಅವಸರ ಮಾಡಲಿಲ್ಲ.

ಊರು ಬಿಡುವವರೆಗೆ ಮನೆಯಲ್ಲಿ ಗ್ಯಾಸಿರಲಿಲ್ಲ. ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಅನ್ನ ಮಾಡೋಣವಾ ಅಂತ ಕೇಳಿದ್ದಕ್ಕೆ ಅತ್ತೆ, "ಮತ್ತೆ ಆ ಹೊಗೆನಾ? ನನ್ ಕೈಲಾಗಲ್ಲ ತಾಯಿ," ಅಂದರು. ಮನೆ ಮಾಲೀಕರ ಹೆಂಡತಿ ಊಟಕ್ಕೆ ಕರೆದರು. ಭಾನುವಾರ ಗಂಡ ಬಂದು ಲಾರಿಗೆ ಸಾಮಾನು ಹೇರಿಸುವಾಗ ನಡೆದದ್ದನ್ನೆಲ್ಲ ಹೇಳಿದೆ. ಅವರು, "ಅಪ್ಪ ಇದನ್ನ ಯಾವತ್ತೂ ಹೇಳಿರ್ಲಿಲ್ಲ," ಅಂದರು.

ಹುಬ್ಬಳ್ಳಿಯ ಗ್ಯಾಸ್ ಆಫೀಸಿಗೆ ನಾನೂ ಅತ್ತೆಯೂ ಇಬ್ಬರೇ ಹೋದೆವು. ಅಲ್ಲಿದ್ದವರು, "ಬರ್ರಿ ಅಜ್ಜಿ, ಕುಂದರ್ರಿ," ಅಂತ ಕುರ್ಚಿ ಕೊಟ್ಟರು. ಅವರ ಕನ್ನಡ ಅತ್ತೆಗೆ ಅರ್ಧ ಅರ್ಥವಾಗಲಿಲ್ಲ, ಅತ್ತೆಯದು ಅವರಿಗೆ ಮುಕ್ಕಾಲು ಅರ್ಥವಾಗಲಿಲ್ಲ. ಆದರೂ ಚೀಟಿ ತೋರಿಸಿದ ಕೂಡಲೇ ಕೆಲಸ ಆಯಿತು. ಹೊಸ ಪುಸ್ತಕದಲ್ಲಿ ತಮ್ಮ ಹೆಸರಿನ ಕಾಗುಣಿತ ಸರಿಯಿದೆಯಾ ಅಂತ ಅತ್ತೆ ಬೆರಳಿಟ್ಟು ಓದಿ ನೋಡಿ ಬ್ಯಾಗಿಗೆ ಹಾಕಿಕೊಂಡರು.

ಸಿಲಿಂಡರ್ ಬಂದ ದಿನ ಮೊದಲು ಹಾಲು ಕಾಯಿಸಿದೆವು. ಕಾಫಿ ಕುಡಿಯುತ್ತಾ ಅತ್ತೆ, "ಕರೆಂಟ್ ಆಫೀಸಿಗೆ ಯಾವಾಗ ಹೋಗೋದು?" ಅಂತ ಕೇಳಿದರು.

"ನಾಳೆ. ನೀವು ಬರ್ತೀರಾ?"

"ನಾನಿಲ್ದೆ ಹೆಂಗೆ?" ಅಂದು ಲೋಟ ತೊಳೆಯಲು ಎದ್ದರು.