ಕಾಲರ್ ಅಕ್ಕನ ಮೂರು ಚೀಟಿ

ಆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿ ಎಂದೇ ಕರೆಯುತ್ತಿದ್ದರು. ಹೊಲಿದ ಅಂಗಿಗಳಿಂದ ಜೋತುಬಿದ್ದ ದಾರದ ತುದಿಗಳನ್ನು ಕತ್ತರಿಸುವುದು ಅವಳ ಕೆಲಸ. ನಾಲಿಗೆಯೂ ಅಷ್ಟೇ ಹರಿತ. ಆ ನಾಲಿಗೆ ಮೆತ್ತಗಾಗುತ್ತಿದ್ದದ್ದು ಒಬ್ಬಳ ಮುಂದೆ ಮಾತ್ರ, ಅವಳನ್ನು ಅಲ್ಲಿ ಕೆಲಸಕ್ಕೆ ಸೇರಿಸಿದ ಓರಗಿತ್ತಿಯ ಮುಂದೆ. ಇಡೀ ಸಾಲಿಗೆ ಕಾಲರ್ ಕೂರಿಸುವವಳು ಆ ಓರಗಿತ್ತಿ ಒಬ್ಬಳೇ, ಹಾಗಾಗಿ ಅವಳು ಕಾಲರ್ ಅಕ್ಕ. ಅವಳು ನೀರು ಕುಡಿಯಲು ಎದ್ದರೂ ಸಾಕು, ಮಿಷಿನ್ನಿನ ಪಕ್ಕ ಅಂಗಿಗಳ ಗುಡ್ಡೆ ಬೀಳುತ್ತಿತ್ತು.

ವರ್ಷಕ್ಕೊಮ್ಮೆ ಕಾರ್ಖಾನೆಯ ಅಂಗಳಕ್ಕೆ ತಪಾಸಣೆಯ ವ್ಯಾನು ಬರುತ್ತಿತ್ತು. ನಲವತ್ತು ದಾಟಿದ ಹೆಂಗಸರೆಲ್ಲ ಸ್ತನದ ಎಕ್ಸ್‌ರೇ ತೆಗೆಸಬೇಕು. ಒಬ್ಬರ ಕಾರ್ಡೂ ಉಳಿಯಕೂಡದೆಂದು ಮೇಲಿನವರ ಆಜ್ಞೆ. ಒಂದು ಅಂಗಿಯೂ ಕಡಿಮೆಯಾಗಕೂಡದೆಂಬ ಆಜ್ಞೆಯೂ ಅದೇ ಮೇಲಿನವರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಸೂಪರ್‌ವೈಸರ್ ಕತ್ತರಿಯ ಕೈಗೆ ಎರಡು ಕಾರ್ಡು ಕೊಟ್ಟ.

"ನಿಮ್ಮಕ್ಕಂದೂ ನೀನೇ ಮುಗಿಸ್ಕೊಂಡು ಬಂದ್ಬಿಡಮ್ಮ."

ಕತ್ತರಿ ಅಕ್ಕನ ಮುಖ ನೋಡಿದಳು. ಅಕ್ಕ ಮಿಷಿನ್ ನಿಲ್ಲಿಸಲಿಲ್ಲ. "ಹೋಗೇ, ಹೋಗು. ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ."

ಬೆಳಗ್ಗೆ ಜಡೆಯಲ್ಲಿ ಒಮ್ಮೆ, ಮಧ್ಯಾಹ್ನ ತುರುಬು ಕಟ್ಟಿ ಇನ್ನೊಮ್ಮೆ ಕತ್ತರಿ ವ್ಯಾನು ಹತ್ತಿದಳು.

"ಸಿಕ್ಕಿಬೀಳ್ಲಿಲ್ವೇನೇ?" ಎಂದು ಅಕ್ಕ ಕೇಳಿದಳು.

"ಅಲ್ಲಿ ಮುಖ ನೋಡೋರು ಯಾರಿದಾರೆ ಅಕ್ಕಾ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂರು ವರ್ಷ ಹೀಗೇ ನಡೆಯಿತು. ಪ್ರತಿ ಸಲವೂ 'ದೋಷವಿಲ್ಲ' ಎಂಬ ಚೀಟಿ ಬಂತು. ಅಕ್ಕ ಅವನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬೀರುವಿನಲ್ಲಿ ಜೋಪಾನವಾಗಿಟ್ಟಳು. ತಮ್ಮದಲ್ಲದ ಚೀಟಿಯನ್ನು ಯಾರಾದರೂ ಜೋಪಾನ ಮಾಡುತ್ತಾರೆಯೇ? ಮಾಡುತ್ತಾರೆ, ಮೇಲೆ ತಮ್ಮ ಹೆಸರಿದ್ದರೆ.

ಮೂರನೆಯ ಚೀಟಿ ಬಂದು ಆರು ತಿಂಗಳಾಗಿತ್ತು. ಒಂದು ಭಾನುವಾರ ಇಬ್ಬರೂ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಅಕ್ಕ ಹೇಳಿದಳು, "ಎಡಗಡೆ ಒಂದು ಗಂಟು ಕೈಗೆ ಸಿಗ್ತಿದೆ ಕಣೇ. ನಾಲ್ಕು ತಿಂಗಳಾಯ್ತು."

"ನಾಲ್ಕು ತಿಂಗಳಾ? ಯಾಕಕ್ಕಾ ಹೇಳ್ಲಿಲ್ಲ?"

"ಹೆದರ್ಕೋಬೇಡ. ಏನೂ ಇಲ್ಲ ಅಂತ ಚೀಟೀಲಿ ಬಂದಿದೆಯಲ್ಲ."

ಕತ್ತರಿಯ ಕೈಯಲ್ಲಿದ್ದ ಒದ್ದೆ ಬಟ್ಟೆ ನೆಲಕ್ಕೆ ಬಿತ್ತು. "ಅಕ್ಕಾ... ಅದು ನನ್ನ ಎದೆ."

ಅಕ್ಕ ತನ್ನ ಎಡಗಡೆ ಕೈಯಿಟ್ಟು ನೋಡಿಕೊಂಡಳು. ಅವಳು ನಿಜವಾಗಿಯೂ ಮರೆತಿದ್ದಳು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಚೀಟಿಗಳನ್ನು ಮತ್ತೆ ಮತ್ತೆ ತಿರುವಿ ನೋಡಿದರು. "ಇಷ್ಟು ಹರಡಿದೆ. ಮೂರು ವರ್ಷವೂ ಏನೂ ಇರಲಿಲ್ವಾ?"

ಕತ್ತರಿ ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಮೇಜಿನ ಕೆಳಗೆ ಅವಳ ಕೈಯನ್ನು ಗಟ್ಟಿಯಾಗಿ ಅದುಮಿದಳು. "ಇರ್ಲಿಲ್ಲ ಡಾಕ್ಟ್ರೇ."

ಹೊರಗೆ ಬಂದಮೇಲೆ, "ನಿನ್ನ ಕೆಲ್ಸ ಹೋದ್ರೆ ನಾನು ಉಳೀತೀನೇನೇ?" ಎಂದಳು. ಕತ್ತರಿ ಕಾರಿಡಾರಿನ ಗೋಡೆಗೆ ಮುಖವಿಟ್ಟು ಅತ್ತಳು.

ಐದು ತಿಂಗಳಿಗೆ ಅಕ್ಕ ತೀರಿಕೊಂಡಳು. ಕೊಂದವಳು ತಾನೇ ಎಂದು ಕತ್ತರಿ ತನ್ನನ್ನೇ ದೂರಿಕೊಂಡಳು. ಯಾರೂ ಅವಳನ್ನು ಹಾಗೆ ಅನ್ನಲಿಲ್ಲ, ಯಾರಿಗೂ ಗೊತ್ತೇ ಇರಲಿಲ್ಲ. ಗೊತ್ತಿದ್ದ ಒಬ್ಬ ಮಹಾನುಭಾವ, ಆ ಸೂಪರ್‌ವೈಸರ್, ಸಾವಿನ ಮನೆಗೆ ಬಂದು "ಅಂಥಾ ಕೆಲಸಗಾರ್ತಿ ಇನ್ನೆಲ್ಲಿ ಸಿಗ್ತಾಳೆ" ಎಂದು ಕಣ್ಣೊರೆಸಿಕೊಂಡು ಹೋದ.

ಮತ್ತೆ ವ್ಯಾನು ಬಂತು. ಅದೇ ಸೂಪರ್‌ವೈಸರ್ ಕತ್ತರಿಯ ಕೈಗೆ ಮತ್ತೆ ಎರಡು ಕಾರ್ಡು ಕೊಟ್ಟ. ಅವಳು ಎರಡನ್ನೂ ಹಿಡಿದು, ಅಕ್ಕನ ಜಾಗಕ್ಕೆ ಬಂದಿದ್ದ ಹೊಸ ಕಾಲರಿನವಳ ಹತ್ತಿರ ನಡೆದಳು.

"ನಂದೂ ನೀವೇ ಮುಗಿಸ್ಕೊಂಡು ಬನ್ನಿ ಅಕ್ಕಾ. ನಂಗೇನೂ ಇಲ್ಲ," ಎಂದಳು ಆಕೆ, ತಲೆಯೆತ್ತದೆ.

ಕತ್ತರಿ ಬಗ್ಗಿ ಅವಳ ಸೂಜಿಯ ಬಳಿ ದಾರ ಕತ್ತರಿಸಿದಳು. ಅವಳು ಗೊಣಗುತ್ತಾ ಮತ್ತೆ ಪೋಣಿಸಿದಳು. ಕತ್ತರಿ ಮತ್ತೆ ಕತ್ತರಿಸಿದಳು. ಪಕ್ಕದಲ್ಲಿ ಅಂಗಿಗಳ ಗುಡ್ಡೆ ಬಿತ್ತು, ಸೂಪರ್‌ವೈಸರ್ ಕೂಗುತ್ತಾ ಓಡಿಬಂದ.

"ಏಳಮ್ಮ," ಎಂದಳು ಕತ್ತರಿ. "ನೀನು ಏಳೋವರೆಗೂ ಕತ್ತರಿಸ್ತಾನೇ ಇರ್ತೀನಿ."

ಮೂರನೆಯ ಸಲ ಅವಳು ದಾರ ಪೋಣಿಸಲಿಲ್ಲ. ತನ್ನ ಕಾರ್ಡು ತೆಗೆದುಕೊಂಡು ಎದ್ದಳು.